ಬಾಳೆಕಾಯಿ ಗಾತ್ರದ ಹೊಟ್ಟೆಗೆ ಒಂದು ಬಟ್ಟಲು ಸೂಪು

ಹೊಟ್ಟೆ ದೊಡ್ಡದಾಗಿದ್ದಾಗ ನನಗೆ ಯಾವ ಹೋಟೆಲಿನ ಮೇಲೂ ದ್ವೇಷವಿರಲಿಲ್ಲ. ಚಟ್ನಿ ಹುಳಿ ಬಂದಿದ್ದರೆ ಸಾಂಬಾರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದೆ, ಸಾಂಬಾರು ನೀರಾಗಿದ್ದರೆ ಇನ್ನೆರಡು ವಡೆ ಮುಳುಗಿಸಿ ಅದನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಎಂಥ ಸಹನೆಯ ಮನುಷ್ಯ ಎಂದು ಮಾಣಿಗಳೇ ಹೊಗಳುತ್ತಿದ್ದರು. ಅದು ಸಹನೆಯಲ್ಲ, ಬರೀ ಜಾಗ ಎಂದು ಗೊತ್ತಾದದ್ದು ಜಾಗ ಹೋದ ಮೇಲೆ. ಈಗ ಒಳಗಿರುವುದು ಅರ್ಧ ಲೋಟದ ಜಾಗ. ಅದರೊಳಕ್ಕೆ ಕಂಡಕಂಡದ್ದನ್ನು ಬಿಟ್ಟುಕೊಳ್ಳಲಾಗುವುದಿಲ್ಲ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ, ಯಾರೂ ಕೇಳದಿದ್ದರೂ, ನಾನು ವಿಮರ್ಶಕನಾಗಿದ್ದೇನೆ.

ಎಂಟು ತಿಂಗಳ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸಲೆಂದು ನನ್ನ ಜಠರವನ್ನು ಕತ್ತರಿಸಿ, ಒಂದು ಬಾಳೆಕಾಯಿಯಷ್ಟನ್ನು ಮಾತ್ರ ನನಗೆ ಬಿಟ್ಟುಕೊಟ್ಟರು. ಆಪರೇಷನ್‌ಗೆ ಮುಂಚೆ ಸತ್ತೇ ಹೋಗುತ್ತೇನೆಂಬ ಚಿಂತೆ ಇತ್ತು. ಆದ ಮೇಲೆ ಸೀನಿದರೆ ಹೊಲಿಗೆ ಬಿಡುತ್ತದೇನೋ ಎಂಬ ಚಿಂತೆ ಬಂತು. ಚಿಂತೆಯ ವಿಷಯದಲ್ಲಿ ನಾನು ಯಾವತ್ತೂ ಉಪವಾಸ ಬಿದ್ದವನಲ್ಲ. ಮನೆಗೆ ಕಳಿಸುವಾಗ ಅಲ್ಲಿನ ಪಥ್ಯ ಹೇಳುವ ಹುಡುಗಿ, "ಹೊರಗೆ ತಿನ್ನಲೇಬೇಕಾಗಿ ಬಂದರೆ ಸೂಪ್ ಆರಿಸ್ಕೊಳ್ಳಿ ಅಂಕಲ್. ತೆಳ್ಳಗಿರಬೇಕು. ಸಕ್ಕರೆ, ಕೆನೆ, ಕಾರ್ನ್‌ಫ್ಲೋರ್ ಇರಬಾರದು. ಗುಟುಕು ಗುಟುಕಾಗಿ ಕುಡೀರಿ. ಸಿಹಿ ಒಳಗೆ ಹೋದರೆ ಬೆವರು, ಎದೆಬಡಿತ, ಕಣ್ಣು ಕತ್ತಲೆ ಎಲ್ಲಾ ಬರುತ್ತೆ" ಎಂದಳು. ಪಾಪ, ಒಳ್ಳೆಯ ಹುಡುಗಿ. ಆಕೆ ನಮ್ಮ ಮಧುಗಿರಿ ಕಡೆಯ ಯಾವ ಹೋಟೆಲಿನಲ್ಲೂ ಸೂಪು ಕುಡಿದವಳಲ್ಲ ಎಂಬುದು ಆ ಮಾತಿನಲ್ಲೇ ಗೊತ್ತಾಗುತ್ತಿತ್ತು.

ನಾನು ಕುಡಿದಿದ್ದೇನೆ. ತಾಲ್ಲೂಕು ಕಚೇರಿಯ ಕೆಲಸದ ಮೇಲೆ ಸುತ್ತಮುತ್ತ ಓಡಾಡುವವನು ನಾನು, ಕುಡಿಯದೆ ವಿಧಿಯಿಲ್ಲ. ಮಧುಗಿರಿಯಲ್ಲಿ ಕತ್ತಲೆಯನ್ನೇ ಅಲಂಕಾರ ಮಾಡಿಕೊಂಡಿರುವ ಒಂದು ಫ್ಯಾಮಿಲಿ ರೆಸ್ಟೋರೆಂಟಿದೆ. ಅಲ್ಲಿನ ಟೊಮ್ಯಾಟೊ ಸೂಪು ಆರತಿ ತಟ್ಟೆಯ ಓಕುಳಿಯ ಬಣ್ಣದ್ದು. ಚಮಚ ನೆಟ್ಟರೆ ನಿಂತೇ ಇರುತ್ತದೆ. ನಮ್ಮ ಕಚೇರಿಯ ನೋಟೀಸುಗಳನ್ನು ಅದರಲ್ಲಿ ಅಂಟಿಸಿದ್ದರೆ ಮಳೆಗಾಲ ಕಳೆದರೂ ಕಿತ್ತುಬರುತ್ತಿರಲಿಲ್ಲ. ಮೇಲೆ ನಾಲ್ಕು ಚೂರು ಹುರಿದ ಬ್ರೆಡ್ಡು, ಕೆರೆಯಲ್ಲಿ ಬಿದ್ದ ಚಪ್ಪಲಿಗಳ ಹಾಗೆ. ಕ್ಲಿಯರ್ ಸೂಪು ಕೊಡಿ ಎಂದರೆ ಅದನ್ನೇ ಬಿಸಿನೀರು ಬೆರೆಸಿ ತಂದಿಟ್ಟರು. ಕೊರಟಗೆರೆಯಲ್ಲಿ ಒಬ್ಬ ಪ್ರಾಮಾಣಿಕ ಸಿಕ್ಕಿದ. ಸೂಪಿಗೆ ಏನೇನು ಹಾಕುತ್ತೀರಪ್ಪಾ ಎಂದರೆ, "ಪ್ಯಾಕೆಟ್ದು ಸಾರ್, ನಮಗೂ ಗೊತ್ತಿಲ್ಲ" ಎಂದ. ಪಾವಗಡದವನು ಅವನಿಗಿಂತ ವಾಸಿ. "ಸೂಪು ಲೇದು ಸಾರ್. ಚಾರು ಐತೆ, ಕಾವಾಲಾ?" ಎಂದು ತೆಲುಗು ಬೆರೆಸಿ ಕೇಳಿ ಒಂದು ಲೋಟ ತಿಳಿಸಾರು ತಂದಿಟ್ಟ. ಮೂರು ತಾಲ್ಲೂಕಿನಲ್ಲಿ ನಾನು ಕುಡಿದ ಒಂದೇ ಒಂದು ನಿಜವಾದ ಸೂಪು, ಸೂಪಿಲ್ಲ ಎಂದವನ ಅಂಗಡಿಯದು. ಮನೆಮನೆಯಲ್ಲೂ ದಿನಕ್ಕೊಂದು ಸಾರು ಬಸಿಯುವ ಸೀಮೆಯ ಜನ, ಬೋರ್ಡಿನಲ್ಲಿ ಇಂಗ್ಲಿಷ್ ಹೆಸರು ಕಂಡರೆ ಸಾಕು, ಗಂಜಿಗೆ ಕಾಸು ಕೊಟ್ಟು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಬರುತ್ತಾರೆ.

ಇಷ್ಟು ಉರಿದುಕೊಳ್ಳುವ ಬದಲು "ಅಯ್ಯಾ, ನನಗೆ ಹೊಟ್ಟೆ ಆಪರೇಷನ್ ಆಗಿದೆ, ಇದು ಆಗೋದಿಲ್ಲ" ಎಂದುಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜಾ ಕೂಡ ಕೇಳುತ್ತಾಳೆ, ದಿನಕ್ಕೆರಡು ಸಲ. ಆದರೆ ಹೇಳುವ ಹಾಗಿರಲಿಲ್ಲ. ನಮ್ಮ ಮಗಳು ಸಿಂಧುವಿಗೆ ಬರಗೂರಿನ ತಿಮ್ಮರಾಯಪ್ಪನವರ ಮಗನ ಸಂಬಂಧ ಕೂಡಿಬರುತ್ತಿತ್ತು. ಮಗಳು ಒಪ್ಪಿದ್ದಳು, ಹುಡುಗನೂ ಒಪ್ಪಿದ್ದ. ಇಂಥ ಹೊತ್ತಿನಲ್ಲಿ ಹೆಣ್ಣಿನ ಅಪ್ಪನ ಹೊಟ್ಟೆ ಕೊಯ್ದಿದ್ದಾರೆ ಎಂದರೆ ಕೇಳಿದವರು ಏನೆಂದುಕೊಂಡಾರು? ವಂಶದಲ್ಲೇ ಏನೋ ಕಾಯಿಲೆಯಿದೆ ಅನ್ನುವುದಿಲ್ಲವೇ? ಅದಕ್ಕೇ ಊರಿಗೆಲ್ಲ ನಾನು ಹೇಳಿದ್ದು, ದಿನಾ ಬೆಳಿಗ್ಗೆ ಬೆಟ್ಟದ ಬುಡಕ್ಕೆ ನಡೆದು ನಡೆದು ತೂಕ ಇಳಿಸಿದೆ ಎಂದು. ಕೇಳುವವರು ಸಿಕ್ಕರೆ ಮನಸ್ಸಿನ ಹತೋಟಿಯ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಸೇರಿಸುತ್ತಿದ್ದೆ. ತಿಮ್ಮರಾಯಪ್ಪನವರಿಗೆ ಅದನ್ನು ಮೂರು ಸಲ ಮಾಡಿದ್ದೆ.

ಕೊನೆಯ ಮಾತುಕತೆ ಶಿರಾದಲ್ಲಿ ಎಂದಾಯಿತು. ಮಾತು ಮುಗಿಯುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣುವುದಿಲ್ಲ. ಅದಕ್ಕೇ ಎರಡೂ ಕಡೆಗೆ ಸೇರದ ಹೋಟೆಲಾಗಬೇಕಿತ್ತು. ನಮ್ಮಲ್ಲಿ ಇನ್ನೊಂದು ನಡಾವಳಿಯೂ ಇದೆ. ಮಾತಿನ ದಿನ ಮುಂದಿಟ್ಟದ್ದನ್ನು ಬೇಡವೆಂದು ಸರಿಸಿದರೆ ಸಂಬಂಧವನ್ನೇ ಸರಿಸಿದ ಹಾಗೆ. ಕುಳಿತ ತಕ್ಷಣ ತಿಮ್ಮರಾಯಪ್ಪನವರು ಯಾರನ್ನೂ ಕೇಳದೆ, "ಎಲ್ರಿಗೂ ಸ್ವೀಟ್ ಕಾರ್ನ್ ಸೂಪು ತಗಂಬಾರಪ್ಪ. ನಮ್ ಬೀಗ್ರಿಗೆ ದೊಡ್ಡ ಬಟ್ಲು" ಎಂದರು. ಮಾತು ಮುಗಿಯುವ ಮೊದಲೇ ಬೀಗ್ರು ಎಂದದ್ದಕ್ಕೆ ಹಿಗ್ಗಬೇಕೋ, ದೊಡ್ಡ ಬಟ್ಟಲಿಗೆ ಕುಗ್ಗಬೇಕೋ ತಿಳಿಯಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ನುಗ್ಗಿದೆ. "ಅಣ್ಣಾ, ಒಂದು ಬಟ್ಟಲಿಗೆ ಸಕ್ಕರೆ ಹಾಕ್ಬೇಡ. ಕಾರ್ನ್‌ಫ್ಲೋರೂ ಬೇಡ" ಎಂದು ಅಂಗಲಾಚಿದೆ.

ಭಟ್ಟ ಸೌಟು ನಿಲ್ಲಿಸದೆ ಹೇಳಿದ: "ಅವೆರಡೂ ತೆಗುದ್ರೆ ಉಳಿಯೋದು ಬಿಸಿನೀರು ಸಾರ್. ಕುಡೀತೀರಾ?"

"ಕುಡೀತೀನಪ್ಪ!"

"ನೀವ್ ಕುಡೀತೀರಿ. ಓನರ್ ನನ್ನ ಕುಡುದ್ಬುಡ್ತಾನೆ."

ಅಷ್ಟರಲ್ಲಿ ಬೆನ್ನ ಹಿಂದೆಯೇ ದನಿ ಬಂತು. "ಏನ್ ಬೀಗ್ರೆ, ಒಲೆತಾವಿಕ್ಕೇ ಬಂದ್ಬುಟ್ರಿ?" ತಿಮ್ಮರಾಯಪ್ಪನವರು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಅಡುಗೆಮನೆ ಚೊಕ್ಕಟವಾಗಿದೆಯಾ ನೋಡೋಣ ಅಂತ ಬಂದೆ ಎಂದೆ. ಭಟ್ಟ ನನ್ನನ್ನು ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಸೂಪು ಬಂತು. ಕೆಟ್ಟುಹೋದ ಪಾಯಸಕ್ಕೆ ಮೆಣಸಿನಪುಡಿ ಉದುರಿಸಿ ಮರ್ಯಾದೆ ಉಳಿಸಿದಂತಿತ್ತು. ಗಿರಿಜಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಮಗಳ ಮುಖ ನೋಡಿಕೊಂಡು ಒಂದೊಂದೇ ಚಮಚ ಇಳಿಸಿದೆ, ಸಾಲದ್ದಕ್ಕೆ "ಆಹಾ, ಚೆನ್ನಾಗಿದೆ" ಎಂದು ಚಪ್ಪರಿಸಿದೆ. ಅದನ್ನು ಕೇಳಿ ತಿಮ್ಮರಾಯಪ್ಪನವರೂ ಕಣ್ಣು ಮುಚ್ಚಿಕೊಂಡು ಬಟ್ಟಲೆತ್ತಿದರು. ಮಾತು ಛತ್ರದ ತನಕ ಬಂದಿರಬೇಕು, ನನ್ನ ಬೆನ್ನಿನಲ್ಲಿ ಬೆವರು ಹರಿಯತೊಡಗಿತು. ಎದೆ ತಮಟೆಯಂತೆ ಬಡಿಯಿತು. ಛತ್ರ ಎಷ್ಟು ದೊಡ್ಡದಿರಬೇಕು ಎಂದು ಅವರು ಕೇಳುತ್ತಿರುವಾಗಲೇ ನಾನು ಎದ್ದು ಹೊರಗೋಡಿ ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಕಣ್ಣು ಕತ್ತಲೆ ಬಂತು. ಆ ಕತ್ತಲೆಯಲ್ಲಿ ಕಂಡದ್ದು ಒಂದೇ, ಮಗಳ ಸಂಬಂಧ ಬಸ್ಸು ಹತ್ತಿ ಬರಗೂರಿಗೆ ವಾಪಸು ಹೋಗುತ್ತಿರುವುದು.

ಎಲ್ಲರೂ ಹಿಂದೆಯೇ ಬಂದರು. ತಿಮ್ಮರಾಯಪ್ಪನವರು ಮೆನು ಕಾರ್ಡಿನಲ್ಲಿ ಗಾಳಿ ಬೀಸಿದರು.

"ಏನಿಲ್ಲ, ಸ್ವಲ್ಪ ಪಿತ್ತ" ಎಂದೆ, ಕಣ್ಣು ಮುಚ್ಚಿಕೊಂಡೇ.

"ಅದಿರ್ಲಿ ಬೀಗ್ರೆ. ಹೊಟ್ಟೆ ಕುಯ್ಸಿದ್ರಲ್ಲ, ಆ ಜಾಗ ಏನಾರ ನೋಯ್ತೈತಾ?"

ಕಣ್ಣು ಬಿಟ್ಟೆ. ಎದುರಿಗೆ ಸಿಂಧು ನಿಂತಿದ್ದಳು. "ಮದುವೆ ಆಗೋನ ಹತ್ರ ಸುಳ್ಳು ಹೇಳಕ್ಕಾಗುತ್ತೇನಪ್ಪಾ? ಮೊದಲನೇ ದಿನವೇ ಹೇಳ್ದೆ" ಎಂದಳು.

"ನಮ್ ಹುಡುಗ ಆವತ್ತೇ ಬಂದು ಮನೇಲಿ ಹೇಳ್ದ," ತಿಮ್ಮರಾಯಪ್ಪನವರು ಗಾಳಿ ಬೀಸುತ್ತಲೇ ಮುಂದುವರಿಸಿದರು. "ಕುಯ್ಸಿರೋ ಹೊಟ್ಟೆಗೆ ಸೂಪೇ ವಾಸಿ ಅಂತ ಯಾರೋ ಅಂದ್ರು. ಅದ್ಕೇ ಮುದ್ದೆ ಹೋಟ್ಲು ಬುಟ್ಟು ಇದ್ನ ಹುಡುಕಿದ್ದು. ಅಲ್ಲಾ ಬೀಗ್ರೆ, ಆ ಲೋಳೆ ನಮ್ ಗಂಟ್ಲಲ್ಲೂ ಇಳೀಲಿಲ್ಲ. ನೀವು ಚಪ್ಪರಿಸ್ತಿದ್ರಿ, ಬೇಜಾರಾಗ್ಬಾರ್ದು ಅಂತ ನಾನೂ ಪೂರ್ತಿ ಕುಡುದೆ. ಹೊಟ್ಟೆ ಕುಯ್ಸಿದ್ದಲ್ಲ ನಮ್ಗೆ ಕಷ್ಟ ಆಗಿದ್ದು. ನೀವು ಬೆಟ್ಟದ ಕತೆ ಹೇಳ್ದಾಗೆಲ್ಲ ನಗು ತಡ್ಕಳದೇ ಕಷ್ಟ."

ಗಿರಿಜಾ ಆಗ ಶುರುಮಾಡಿದ ನಗು ಮಧುಗಿರಿಯಲ್ಲಿ ಬಸ್ಸು ಇಳಿದರೂ ನಿಲ್ಲಲಿಲ್ಲ. ಸಂಬಂಧವಂತೂ ಆ ಮೆಟ್ಟಿಲ ಮೇಲೆಯೇ ಗಟ್ಟಿಯಾಯಿತು. ಹೋಟೆಲಿನವರು ಅಂಟಿಗೆ ಇಂಗ್ಲಿಷ್ ಹೆಸರಿಟ್ಟರು ಎಂದು ಎಂಟು ತಿಂಗಳು ಬೈದವನು ನಾನು. ಕತ್ತರಿಗೆ ವಾಕಿಂಗ್ ಎಂದು ಹೆಸರಿಟ್ಟವನೂ ನಾನೇ. ಇನ್ನು ಮುಂದೆ ಬಾಯಿ ಬಿಟ್ಟು ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿದೆ.

ಮರುದಿನವೇ ತಿಮ್ಮರಾಯಪ್ಪನವರ ಫೋನು ಬಂತು. ಒಪ್ಪಿಗೆ ಶಾಸ್ತ್ರ ಅವರ ಮನೆಯಲ್ಲಿ, ನನಗೆ ಏನು ಮಾಡಿಸಬೇಕು ಹೇಳಿ ಎಂದರು. ಬೇಳೆ ಬಸಿದ ಕಟ್ಟು, ಉಪ್ಪು ಹಾಕಿ ಅರ್ಧ ಲೋಟ, ಅಷ್ಟೇ ಎಂದು ಹೇಳಲು ಬಾಯಿ ತೆರೆದೆ. ಗಂಡಿನ ಕಡೆಯವರಿಗೆ ಹೀಗೆ ಮಾಡಿ ಎಂದು ಹೇಳುವುದು ಹೇಗೆ, ಏನಂದುಕೊಂಡಾರು?

"ಅಯ್ಯೋ, ನನಗೋಸ್ಕರ ಏನೂ ತೊಂದರೆ ತಗೋಬೇಡಿ. ಏನಾದರೂ ನಡೆಯುತ್ತೆ" ಎಂದೆ.

"ಅಂಗಾರೆ ಸೂಪೇ ಮಾಡುಸ್ತೀವಿ ಬುಡಿ" ಎಂದರು ಬೀಗರು.