ಎರಡು ಡಿಟೆಕ್ಟರುಗಳ ಮಾಮಾ

ನನ್ನ ಸೋದರಮಾವ ಕೆಟ್ಟು ನಿಂತ ಯಂತ್ರಕ್ಕೆ ಹೆದರುವವರಲ್ಲ. ಅವರಿಗೆ ಭಯವಿರುವುದು ಚೆನ್ನಾಗಿ ಓಡುತ್ತಿರುವ ಯಂತ್ರದ್ದು! ನಂಬುವುದಿಲ್ಲವೇ? ಸದಾಶಿವ ಪೇಠದ ಅವರ ಫ್ಲ್ಯಾಟಿನಲ್ಲಿ ಒಂದು ವಾರ ಇದ್ದು ನೋಡಿ. ಫ್ರಿಜ್ಜಿನ ಮುಂದೆ ಹಾಯುವಾಗ ನೀವೂ ಉಸಿರು ಬಿಗಿಹಿಡಿಯದಿದ್ದರೆ ಕೇಳಿ.

ನಿವೃತ್ತಿಯವರೆಗೆ ಅವರ ಕೆಲಸ ಅಣು ರಿಯಾಕ್ಟರಿನ 'ನಾಯ್ಸ್' ಅಳೆಯುವುದು. ಅದು ಕಿವಿಗೆ ಕೇಳುವ ಸದ್ದಲ್ಲ. ಎಲ್ಲ ಸರಿಯಿದೆ ಎಂದು ಮೀಟರು ಹೇಳುತ್ತಿರುವಾಗಲೂ ಒಳಗಿನಿಂದ ಬರುವ ಸಣ್ಣ ನಡುಕ. ನ್ಯೂಟ್ರಾನ್ ಹಿಡಿಯುವ ಡಿಟೆಕ್ಟರ್ ಒಂದು, ಗಾಮಾ ಕಿರಣ ಹಿಡಿಯುವುದು ಇನ್ನೊಂದು. ಎರಡೂ ಒಟ್ಟಿಗೆ ನಡುಗಿದರೆ ರಿಯಾಕ್ಟರಿನೊಳಗೆ ಏನೋ ಸಡಿಲಾಗಿರಬಹುದು. ಒಂದೇ ನಡುಗಿದರೆ ಆ ಡಿಟೆಕ್ಟರಿನದೇ ಜಡ್ಡು, ಅದನ್ನು ಕಿತ್ತಿಡಬೇಕು.

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದ ನಾನು ಸುಮ್ಮನಿರುವೆನೇ? ಮೀಟರಿನ ಮುಳ್ಳು ನೆಟ್ಟಗಿದ್ದಾಗ ಅಂಜುವುದಕ್ಕೆ ಪುರಾವೆ ಏನು ಎಂದೆ.

"ಮುಳ್ಳು ಸರಾಸರಿ ಹೇಳ್ತದ ತಮ್ಮಾ. ಅಂಜಿಕಿ ಸರಾಸರಿಯೊಳಗ ಇರೂದಿಲ್ಲ," ಎಂದರು.

ಅಂದಿನಿಂದ ಲಿಫ್ಟ್ ಹತ್ತಿದರೆ ನನ್ನ ಅಂಗಾಲು ತಾನಾಗಿಯೇ ನಡುಕ ಹುಡುಕುತ್ತದೆ. ವಾದ ಗೆದ್ದವರು ಯಾರು, ನೀವೇ ಹೇಳಿ!

ಒಮ್ಮೆ ಫ್ರಿಜ್ಜಿನ ಗುಂಯ್‌ಗಾಟ ಬದಲಾಗಿದೆ ಎಂದು ನನ್ನ ಅಂಗೈಯನ್ನು ಒಂದು ಮಗ್ಗುಲಿಗೆ ಒತ್ತಿಸಿ, ತಮ್ಮದನ್ನು ಇನ್ನೊಂದಕ್ಕೆ ಒತ್ತಿದರು. ಎರಡೂ ಕಡೆ ನಡುಕ! ಮಾಮಾ ಬಿಳಿಚಿಕೊಂಡರು, ನಾನೂ. ಓಡಿಬಂದ ಮೆಕ್ಯಾನಿಕ್ ತಣ್ಣಗಿದ್ದ ಹಾಲು ಮುಟ್ಟಿ ನೋಡಿ, "ಕಾಕಾ, ಫ್ರಿಜ್ ಚಾಲೂ ಆಹೆ ನಾ?" ಎಂದ. ಫ್ರಿಜ್ಜು ಓಡುತ್ತಿರುವುದೇ ತಮ್ಮ ಭಯ ಎಂದು ಮಾಮಾ ಅವನಿಗೆ ಮರಾಠಿಯಲ್ಲಿ ವಿವರಿಸಿದರು. ನಡುಕ ಗೋಡೆಯಾಚೆಯ ಮಿಕ್ಸರಿನದಾಗಿತ್ತು. ಪಕ್ಕದ ಮನೆಯವರು ಶೇಂಗಾ ಚಟ್ನಿ ಮಾಡುತ್ತಿದ್ದರು.

ಅತ್ತೆ ಒಳಗಿನಿಂದಲೇ ಕೇಳಿದರು: "ಇಷ್ಟು ಕಾಳಜೀಲೇ ನನ್ನ ಕೈ ಒಮ್ಮೆರೆ ಹಿಡದೀರೇನ್ರಿ?"

ಕಳೆದ ತಿಂಗಳು ಅದೇ ಅತ್ತೆ ಬೆಂಡೆಕಾಯಿ ಹೆಚ್ಚುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸೇರಿಸಿದೆವು. ಸದ್ಯಕ್ಕೆ ಅಪಾಯವಿಲ್ಲ, ಎರಡು ದಿನ ಇರಲಿ ಎಂದರು ಡಾಕ್ಟರು. ಮಾನಿಟರಿನ ಅಂಕಿಯೂ ಅಲುಗದೆ ನಿಂತಿತ್ತು. ಆದರೆ ನಿಂತ ಅಂಕಿಯನ್ನು ಈ ಮನುಷ್ಯ ಎಂದಾದರೂ ನಂಬಿದ್ದುಂಟೇ? ಅತ್ತೆಯ ಮಣಿಕಟ್ಟು ಹಿಡಿದು ಕೂತರು. ನೋಡನೋಡುತ್ತ ಅವರ ಮುಖ ಸುಣ್ಣವಾಯಿತು.

"ನಾಡಿ ನಡಗಲಿಕತ್ತದ."

ಈ ಸಲ ನನಗೆ ಪುರಾವೆ ಕೇಳುವ ಧೈರ್ಯವಾಗಲಿಲ್ಲ.

"ನೀ ಆ ಕೈ ಹಿಡಿ," ಎಂದರು ಮಾಮಾ. "ಒಂದ ಡಿಟೆಕ್ಟರ್ ನಂಬಬಾರದು."

ಹಿಡಿದೆ. ಕೈ ಬೆಚ್ಚಗಿತ್ತು. ನನ್ನ ಬೆರಳ ಕೆಳಗೆ ನಾಡಿ ನಿಧಾನವಾಗಿ, ಒಂದೇ ಸಮ ಬಡಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಮಾಮಾ ಮೊಣಕೈವರೆಗೆ ನಡುಗುತ್ತಿದ್ದರು.

ಗೆದ್ದ ವಾದವನ್ನು ಅಷ್ಟು ಮೆಲ್ಲಗೆ ನಾನು ಎಂದೂ ಮಂಡಿಸಿರಲಿಲ್ಲ. "ಮಾಮಾ, ಈ ಕಡೆ ನಡುಕಿಲ್ರಿ. ಅದು ನಿಮ್ಮ ಕೈ ನಡುಕ."

ಅವರು ತಮ್ಮ ಕೈಯನ್ನೇ ನೋಡುತ್ತ ಕೂತರು. ಜಡ್ಡು ಹಿಡಿದ ಡಿಟೆಕ್ಟರನ್ನು ಕಿತ್ತಿಡಬೇಕಲ್ಲ, ಅದಕ್ಕೆಂದು ಕೈ ಹಿಂದಕ್ಕೆ ಎಳೆದುಕೊಳ್ಳಹೋದರು.

"ಇರ್ಲಿ ಬಿಡ್ರಿ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಬೆರಳು ಮಡಚಿ ಆ ನಡುಗುವ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.