ಒಂದು ಬೀಡಿಯಷ್ಟು ಜಾಗ

ಇಪ್ಪತ್ತೆರಡು ದಿನದ ಮೊಮ್ಮಗಳು ಬೆಳಿಗ್ಗೆ ಎರಡು ಸಲ ಕೆಮ್ಮಿದಳು. ಟೇಲರ್ ಕೊಟ್ರಸ್ವಾಮಿಯ ಬೀಡಿಗೆ ಕುತ್ತು ಬಂದದ್ದು ಅಲ್ಲಿಂದ.

ಬಾಣಂತಿ ಮಗಳು ಗೀತಾಂಜಲಿ ಕೂಸಿನ ಮುಖಕ್ಕೆ ಸೆರಗು ಮರೆ ಮಾಡಿದಳು. ಹೆಂಡತಿ ದಾಕ್ಷಾಯಣಮ್ಮ ಹೊಲಿಗೆ ಮಷೀನಿನ ಮೇಲಿದ್ದ ಬೀಡಿ ಕಟ್ಟನ್ನು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಅವನ ಕೈಗಿಟ್ಟಳು.

“ಆಶಾ ಕಾರ್ಯಕರ್ತೆ ರೇಣುಕಾ ಹೇಳ್ಯಾಳ, ನೀವು ಪಡಸಾಲ್ಯಾಗ ಸೇದಿದ ಹೊಗಿ ಕೂಸಿನ ಎದಿಗೆ ಹೋಗತೈತಂತ. ಸೇದಬೇಕಂದ್ರ ಮಂದಿ ಇಲ್ಲದ ಕಡಿ ಹೋಗ್ರಿ. ಅಂಗಿಗೆ ವಾಸ್ನಿ ಇದ್ರ ಕೂಸನ್ನ ಮುಟ್ಟಂಗಿಲ್ಲ.”

ಕೊಟ್ರಸ್ವಾಮಿ ಮೊಮ್ಮಗಳನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ದೂರ ಹೋಗಿ ಒಂದೇ ಒಂದು ಸೇದಿ, ಬಂದು ಸ್ನಾನ ಮಾಡಿ ಎತ್ತಿಕೊಂಡರಾಯಿತು ಎಂದು ಹೊರಬಿದ್ದ.

ಪಕ್ಕದ ಮನೆಯ ಗೋಡೆಯ ಮರೆಯಲ್ಲಿ ನಿಂತು ಕಡ್ಡಿ ಗೀರುವಷ್ಟರಲ್ಲಿ ಕಿಟಕಿಯಲ್ಲಿ ಗಿಡ್ಡಮ್ಮನ ಮುಖ ಕಾಣಿಸಿತು.

“ಸ್ವಾಮೇರ, ನಮ್ಮನಿಯವ್ರಿಗೆ ಉಬ್ಬಸ. ನಿಮ್ಮ ಮನಿಗೆ ಬ್ಯಾಡಾದ ಹೊಗಿ ನಮ್ಮನಿಗೆ ಯಾಕ ತಂದ್ರಿ?”

ಕೊಟ್ರಸ್ವಾಮಿ ಬಸ್‌ಸ್ಟ್ಯಾಂಡಿಗೆ ಹೋದ. ಅಲ್ಲಿ ಒಂದು ಕಂಬಕ್ಕೆ ಒರಗಿ ಬೀಡಿ ಬಾಯಿಗಿಟ್ಟ. ಕಂಡಕ್ಟರ್ ಪ್ರವೀಣಕುಮಾರ್ ಅವನನ್ನೇ ನೋಡಿ ನಗುತ್ತಿದ್ದ.

“ದಂಡ ಹಾಕ್ತಾರ್ರಿ ಟೇಲರ್. ಸ್ವಲ್ಪ ಹಿಂದ ತಿರುಗಿ ನೋಡ್ರಿ.”

ನೋಡಿದ. ಸೇದಬಾರದೆಂಬ ಬೋರ್ಡು ದೇವರ ಹಿಂದಿನ ಪ್ರಭಾವಳಿಯಂತೆ ಸರಿಯಾಗಿ ಅವನ ತಲೆಯ ಹಿಂದೆಯೇ ಇತ್ತು. ಬಸ್ಸಿಗೆ ಕಾದಿದ್ದವರೆಲ್ಲ ದರ್ಶನ ಮಾಡಿಕೊಂಡಿದ್ದರು.

ಮೂವತ್ತು ವರ್ಷ ಊರವರ ಅಳತೆ ತೆಗೆದುಕೊಂಡವನಿಗೆ ಒಂದು ಬೀಡಿಯಷ್ಟು ಜಾಗದ ಅಳತೆ ಸಿಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಊರಾಚೆಯ ಮಲ್ಲಿಗೆ ತೋಟದವರೆಗೂ ನಡೆದ. ಯಾರೂ ಕಾಣಲಿಲ್ಲ. ಕಡ್ಡಿ ಗೀರಿದ. ಗಿಡಗಳ ನಡುವಿನಿಂದ ತೋಟದ ಮುದುಕಿ ಜಂಬಕ್ಕ ಎದ್ದು ನಿಂತಳು, ಮಡಿಲ ತುಂಬ ಮೊಗ್ಗು.

“ಆರಿಸಪ್ಪ ಅದನ್ನ. ಮೊಗ್ಗಿಗೆ ವಾಸ್ನಿ ಹತ್ತಿದ್ರ ಯಾರು ಮುಡೀತಾರ? ನಿನ್ನ ಹೆಂಡ್ತಿ ಮುಡೀತಾಳೇನು?”

ಕಡ್ಡಿ ಬೆರಳು ಸುಟ್ಟು ತಾನೇ ಆರಿತು. ಕೊಟ್ರಸ್ವಾಮಿ ಬದುವಿನ ಮೇಲೆ ಕುಳಿತ. ನಾಳೆಗೆ ಬಾಡುವ ಮೊಗ್ಗಿಗೆ ಈ ಮುದುಕಿ ಇಷ್ಟು ಕಾವಲು ಕಾಯುತ್ತಾಳೆ. ತಾನು ಇಪ್ಪತ್ತೆರಡು ದಿನ ಕೂಸಿನ ಪಕ್ಕದಲ್ಲೇ ಹೊಗೆ ಬಿಟ್ಟೆನಲ್ಲ ಎನ್ನಿಸಿತು. ಬೀಡಿ ಕಟ್ಟನ್ನು ಕಾಲುವೆಯ ಕೆಸರಿಗೆ ಹಾಕಿ ಕಾಲಿನಿಂದ ತುಳಿದ. ಎದೆ ಹಗುರಾಯಿತು.

ಇಂಥ ದೊಡ್ಡ ಕೆಲಸ ಮಾಡಿ ಯಾರಿಗೂ ಹೇಳದೆ ಮನೆಗೆ ಹೋಗುವುದು ಹೇಗೆ? ದಾರಿಯಲ್ಲಿ ಕರಿಸಿದ್ದಪ್ಪನ ಚಹಾದ ಅಂಗಡಿಗೆ ಹೊಕ್ಕ. ಒಳಗೆ ನಾಲ್ಕು ಮಂದಿ ಗೆಳೆಯರಿದ್ದರು. ಕೊಟ್ರಸ್ವಾಮಿ ಅವರ ನಡುವೆ ಕುಳಿತು, ಹೊಗೆ ಪಕ್ಕದವರನ್ನು ಹೇಗೆ ಕೆಡಿಸುತ್ತದೆ ಎಂದು ಒಂದು ತಾಸು ಭಾಷಣ ಮಾಡಿದ. ಅವರು ಒಪ್ಪಿಕೊಂಡು ತಲೆಯಾಡಿಸಿದರು. ಮಾತು ಮನಸ್ಸಿಗೆ ತಟ್ಟಿದಾಗಲೆಲ್ಲ ಇನ್ನೊಂದು ಬೀಡಿ ಹಚ್ಚಿದರು.

“ಖರೆ ಮಾತು ಬಿಡು,” ಎಂದು ಒಬ್ಬ ಅವನ ಮುಖಕ್ಕೇ ಹೊಗೆ ಬಿಟ್ಟ.

ಮನೆಯಲ್ಲಿ ರೇಣುಕಾ ಕೂಸಿನ ತೂಕ ನೋಡುತ್ತಿದ್ದಳು. ಕೊಟ್ರಸ್ವಾಮಿ ಸ್ನಾನವನ್ನೂ ಮರೆತು ಎರಡೂ ಕೈ ಚಾಚಿ ಬಂದ.

“ಕೊಡವ್ವ. ಬೀಡಿ ಬಿಟ್ಟೆ.”

ದಾಕ್ಷಾಯಣಮ್ಮ ನಡುವೆ ಬಂದು ಅವನ ಭುಜ ಮೂಸಿದಳು. “ಬಿಟ್ಟೀರಾ? ಒಲಿಯಿಂದ ಎದ್ದು ಬಂದಂಗ ನಾರಾಕತ್ತೀರಿ.”

“ಕೂಸಿನಾಣಿ, ಇವತ್ತು ಒಂದೂ ಸೇದಿಲ್ಲ. ನಾಲ್ಕು ಮಂದಿ ಸೇದ್ತಿದ್ರು, ನಾನು ನಡುವ ಕುಂತು ಬುದ್ಧಿ ಹೇಳಿದೆ, ಅಷ್ಟ.”

ದಾಕ್ಷಾಯಣಮ್ಮ ನಂಬಲಿಲ್ಲ. ರೇಣುಕಾ ನಂಬಿದಳು. ಅವಳ ಮುಖ ಅರಳಿತು.

“ನಾನು ಆರು ತಿಂಗಳಿಂದ ಅದನ್ನ ಹೇಳಾಕತ್ತೀನ್ರಿ ಸ್ವಾಮೇರ. ಸೇದೋರ ನಡುವ ಕುಂತ್ರ ನಾವೂ ಸೇದಿದಂಗ. ಅಕ್ಕಾರ, ಇವ್ರು ಸುಳ್ಳು ಹೇಳಿಲ್ಲ. ಇವತ್ತು ನಾಲ್ಕು ಮಂದಿ ಬೀಡಿ ಇವ್ರೊಬ್ರ ಸೇದ್ಯಾರ.”

ದಾಕ್ಷಾಯಣಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮನ್ಯಾಗಿದ್ದಾಗ ನಿಮ್ಮದೊಂದ ಸೇದ್ತಿದ್ರಿ,” ಎಂದು ಕೂಸನ್ನೆತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದಳು.