ನಮ್ಮ ನಾದಿನಿಯ ಮಂಗೋಲಿಯಾ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟು, ನುಂಗಿದರೋ ಕೆನ್ನೆಯಲ್ಲಿ ಇಟ್ಟುಕೊಂಡರೋ ಎಂದು ಬಾಯಿ ತೆರೆಸಿ ನೋಡಿದೆ. ಮಗ್ಗದ ಕೋಣೆ ಗುಡಿಸಿದೆ. ರಾಗಿ ಕೇರಿ ಮಿಲ್ಲಿಗೆ ಕಳಿಸಿದೆ. ಎರಡು ಬೆಡ್‌ಶೀಟು ಒಗೆದೆ. ಒಂದು ಒಣಗಿತು, ಇನ್ನೊಂದರ ಮೇಲೆ ಕಾಗೆ ತನ್ನ ಅಭಿಪ್ರಾಯ ತಿಳಿಸಿದ್ದರಿಂದ ಅದನ್ನು ಮತ್ತೆ ಒಗೆದೆ. ಹೀಗೆ ಆ ಎರಡನೆಯ ಬೆಡ್‌ಶೀಟನ್ನು ಹಿಂಡುತ್ತಿರುವ ಹೊತ್ತಿನಲ್ಲಿ, ನನ್ನ ನಾದಿನಿ ಮಂಗೋಲಿಯಾ ದೇಶದಲ್ಲಿ ಇಂಗ್ಲಿಷ್ ಕಲಿಸಲು ಆಯ್ಕೆಯಾದಳು.

ನನ್ನ ನಾದಿನಿಗೆ ತಲೆ ಸರಿಯಿಲ್ಲ ಎಂದು ನಮ್ಮ ಬೀದಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎನ್ನುತ್ತಾಳೆ ಎಂಬ ಭಯ! ಅವಳು ಸಾಸಲು ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ನನ್ನ ಯಜಮಾನರ ಒಬ್ಬಳೇ ತಂಗಿ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ಟೈಮ್‌ಟೇಬಲ್ಲಿನಲ್ಲಿ ಪೀರಿಯಡ್ ಸಿಗಲಿಲ್ಲ ಎಂದು ಉತ್ತರ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗುತ್ತಾಳೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಅವಳ ದನಿ ನಾಲ್ಕು ಪವರ್‌ಲೂಮಿನ ಮೇಲೆ ತೇಲುವಂಥದ್ದು. ನಾನು ಸಮೇತನಹಳ್ಳಿಯ ಹೊಲಗದ್ದೆಯ ಮನೆಯಿಂದ ಸೊಸೆಯಾಗಿ ಬಂದವಳು. ಬಂದ ಹೊಸತರಲ್ಲಿ ಈ ಮನೆಯವರೆಲ್ಲ ದಿನವಿಡೀ ಜಗಳವಾಡುತ್ತಾರೆ ಎಂದುಕೊಂಡು ಅತ್ತಿದ್ದೆ. ಆಮೇಲೆ ತಿಳಿಯಿತು, ಅವರು ಉಪ್ಪು ಕೇಳುತ್ತಿದ್ದರು.

ಈ ಮಂಗೋಲಿಯಾ ಎಲ್ಲಿಂದ ಬಂತು ಅಂತೀರಾ? ಒಂಬತ್ತನೇ ಕ್ಲಾಸಿನ ಒಂದು ಹುಡುಗಿಯಿಂದ. ಆ ಪುಣ್ಯಾತ್ಗಿತ್ತಿ ಒಂದು ದಿನ ಎದ್ದು ನಿಂತು, "ಮೇಡಂ, ಕನ್ನಡ ಬರದೇ ಇರೋರ ಜೊತೆ ನೀವು ಯಾವತ್ತಾದ್ರೂ ಇಂಗ್ಲಿಷ್ ಮಾತಾಡಿದ್ದೀರಾ?" ಎಂದು ಕೇಳಿಬಿಟ್ಟಿತು.

ನಾದಿನಿ ಅವತ್ತು ಮನೆಗೆ ಬಂದವಳು ಕಾಫಿ ಮುಟ್ಟಲಿಲ್ಲ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಇಂಗ್ಲಿಷ್ ಬೇಕೇ ಬೇಕು ಅನ್ನುವ ಸಂದರ್ಭ ಒಂದೂ ಬಂದಿಲ್ಲವಲ್ಲ ಎಂದು ಗೋಡೆ ನೋಡುತ್ತಾ ಕೂತಳು. ಈಜು ಹೇಳಿಕೊಡುವವರು ನೀರಿಗಿಳಿಯದಿದ್ದರೆ ಹೇಗೆ ಅತ್ತಿಗೆ ಎಂದು ನನ್ನನ್ನು ಕೇಳಿದಳು. ಬಾವಿಗೆ ಬೀಳದಿದ್ದರೆ ಸಾಕು ಎಂದು ನಾನು ಕಾಫಿಯನ್ನು ಮತ್ತೆ ಬಿಸಿ ಮಾಡಿದೆ.

ಮುಂದಿನ ಭಾನುವಾರವೇ ಮಕ್ಕಳ ದಂಡು ಕಟ್ಟಿಕೊಂಡು ಮಾಕಳಿದುರ್ಗದ ಬುಡಕ್ಕೆ ಹೋದಳು. ಅಲ್ಲಿ ಬೆಟ್ಟ ಹತ್ತಲು ಬೆಂಗಳೂರಿನಿಂದ ಜನ ಬರುತ್ತಾರಲ್ಲ, ಟೋಪಿ ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು, ಅವರನ್ನು ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿಸುವುದು ಯೋಜನೆ. ಮಜ್ಜಿಗೆಯ ಕ್ಯಾನು ಹೊತ್ತುಕೊಂಡು ನಾನೂ ಹೋಗಿದ್ದೆ. ಪ್ರಶ್ನೆಗಳಿಗೆಲ್ಲ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟವರಿಗೆ ಮಾತ್ರ ಮಜ್ಜಿಗೆ ಎಂದು ನಿಯಮ! ಬೆಟ್ಟ ಇಳಿದು ನಾಲಿಗೆ ಒಣಗಿದ್ದ ಒಬ್ಬ ಹುಡುಗ, ನಮ್ಮ ಮಕ್ಕಳ ಇಂಗ್ಲಿಷನ್ನು ಕೇಳಿ ನಗುತ್ತಾ, "ಆಂಟಿ, ನಂದು ಮಂಡ್ಯ. ಕನ್ನಡದಲ್ಲೇ ಕೇಳ್ಬಹುದು" ಎಂದ.

"ನಿಂಗೆ ಕನ್ನಡ ಬಂದ್ರೆ ನಮ್ಮ ಮಕ್ಕಳಿಗೇನಪ್ಪಾ ಲಾಭ?" ಎಂದು ನಾದಿನಿ ಲೋಟ ವಾಪಸ್ ತೆಗೆದುಕೊಂಡಳು.

ಅವಳು ಆ ಕಡೆ ತಿರುಗಿದಾಗ ಕೊಟ್ಟೆ ಅನ್ನಿ. ಆ ದಿನ ಸಿಕ್ಕವರಲ್ಲಿ ಒಬ್ಬ ತೆಲುಗಿನವ, ಇಬ್ಬರು ತಮಿಳರು. ಅವರೂ ಕನ್ನಡದಲ್ಲೇ ಮಜ್ಜಿಗೆ ಕೇಳಿ, ಕನ್ನಡದಲ್ಲೇ ಚೆನ್ನಾಗಿದೆ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಾದಿನಿ ಘೋಷಣೆ ಮಾಡಿದಳು: ಕನ್ನಡ ತಾನಾಗಿ ಬಂದು ಅಡ್ಡ ನಿಲ್ಲದ ಜಾಗಕ್ಕೇ ಹೋಗಬೇಕು. ಅವಳ ಪಾಲಿಗೆ ಅದು ಪಿಸುಮಾತು. ಆದರೂ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವರು ಎದ್ದು, ಸ್ಟಾಪ್ ಬಂತೆಂದು ಇಳಿದೇ ಹೋದರು.

ಆಮೇಲೆ ಎಲ್ಲಿಂದಲೋ ಒಂದು ಫೆಲೋಶಿಪ್ಪು ಹುಡುಕಿದಳು. ಆಯ್ಕೆಯಾದರೆ ಒಂದು ವರ್ಷ ಮಂಗೋಲಿಯಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು. ಅವಳ ವಯಸ್ಸಿನವರಿಗೆ ಇದೇ ಕೊನೆಯ ಅವಕಾಶ. ಮುಂದಿನ ಸಲಕ್ಕೆ ಮಿತಿ ದಾಟಿಹೋಗುತ್ತದೆ. ಎದುರು ಮನೆ ರತ್ನಮ್ಮ ಮಂಗೋಲಿಯಾ ಎಂದರೆ ಚಿಕ್ಕಬಳ್ಳಾಪುರದಿಂದ ಆಚೆಗಾ ಎಂದು ಕೇಳಿದರು. ಹೌದು, ಸ್ವಲ್ಪ ಆಚೆಗೆ ಎಂದೆ. ಸುಳ್ಳೇನಲ್ಲವಲ್ಲ?

ಮೊದಲು ಒಂದು ಪಾಠದ ವಿಡಿಯೋ ಕಳಿಸಬೇಕಿತ್ತು. ಇಂಗ್ಲಿಷೇ ಗೊತ್ತಿಲ್ಲದ ಒಬ್ಬರಿಗೆ ಕಲಿಸಿ ತೋರಿಸಬೇಕು. ನಮ್ಮ ಮನೆಯಲ್ಲಿ ಆ ಅರ್ಹತೆ ಪೂರ್ತಿಯಾಗಿ ಉಳಿಸಿಕೊಂಡಿದ್ದವರು ನಮ್ಮ ಅತ್ತೆ. ನಾದಿನಿಯ ಹೆತ್ತ ತಾಯಿ. ಹೇಗೂ ಇವಳು ಆಯ್ಕೆ ಆಗುವುದಿಲ್ಲ, ಆಟಕ್ಕೆ ಕೂತರೆ ಏನು ಹೋಯಿತು ಎಂದು ಅವರು ಇಳಕಲ್ ಸೀರೆ ಉಟ್ಟು ಕೂತರು. ನಾನು ಫೋನು ಹಿಡಿದುಕೊಂಡೆ. ನಾದಿನಿ ಬದನೆಕಾಯಿ ಎತ್ತಿ ಹಿಡಿದು, "ವಾಟ್ ಈಸ್ ದಿಸ್?" ಎಂದಳು.

"ಬದನೆಕಾಯಿ ಕಣೇ. ಇಷ್ಟು ವಯಸ್ಸಾಯ್ತು, ಅದೂ ಗೊತ್ತಿಲ್ವಾ ನಿಂಗೆ?" ಎಂದರು ಅತ್ತೆ.

ಮತ್ತೆ ಶುರು. ಮತ್ತೆ ಬದನೆಕಾಯಿ. ಹಿಡಿದು ಹಿಡಿದು ಬದನೆಕಾಯಿಯೇ ಬಾಡಿತು. ಕಡೆಗೆ ಬೇಸತ್ತ ಅತ್ತೆ ಅದನ್ನು ಮಗಳ ಕೈಯಿಂದ ಕಿತ್ತುಕೊಂಡು, "ಬ್ರಿಂಜಾಲ್! ಗೋ! ಕುಕ್!" ಎಂದು ಅಡುಗೆಮನೆ ಕಡೆ ಬೆರಳು ತೋರಿಸಿದರು. ಗೋ ಎಂಬುದನ್ನು ನಾಯಿ ಓಡಿಸುವವರಿಂದಲೂ, ಕುಕ್ ಎಂಬುದನ್ನು ಕುಕ್ಕರಿನಿಂದಲೂ ಅವರೇ ಸಂಪಾದಿಸಿದ್ದು! ಆ ವಿಡಿಯೋ ನೋಡಿದ ಫೆಲೋಶಿಪ್ಪಿನವರು, ಕಲಿಯುವವರು ತಾವಾಗಿಯೇ ವಾಕ್ಯ ಕಟ್ಟಿದ್ದಾರೆ ಎಂದು ಬಹಳ ಮೆಚ್ಚಿ ಬರೆದರಂತೆ. ನಾದಿನಿಗೆ ಇಂಟರ್‌ವ್ಯೂಗೆ ಕರೆ ಬಂತು. ನಮಗೆ ಮೂರು ದಿನ ವಾಂಗಿಬಾತು.

ಇಂಟರ್‌ವ್ಯೂ ನಡೆದದ್ದು ಹೋದ ತಿಂಗಳು, ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ಅದಕ್ಕೆ ಮನೆ ನಿಶ್ಶಬ್ದವಾಗಿರಬೇಕಿತ್ತು. ನಮ್ಮ ಬೀದಿಯಲ್ಲಿ ನಿಶ್ಶಬ್ದ ಅಷ್ಟು ಸುಲಭಕ್ಕೆ ಸಿಗುವ ಸಾಮಾನಲ್ಲ. ಅಮಾವಾಸ್ಯೆ ಬಿಟ್ಟರೆ ಇಲ್ಲಿ ಮಗ್ಗ ನಿಲ್ಲುವುದು ಎರಡೇ ಕಾರಣಕ್ಕೆ: ಕರೆಂಟು ಹೋದಾಗ, ಇಲ್ಲವೇ ಯಾರಾದರೂ ಹೋದಾಗ. ಬೀದಿಯಲ್ಲಿ ಸಾವಾದರೆ ಅಕ್ಕಪಕ್ಕದವರು ಮರ್ಯಾದೆಗೆ ಮಗ್ಗ ನಿಲ್ಲಿಸುತ್ತಾರೆ. ಕರೆಂಟು ಇದ್ದೂ ಮಗ್ಗ ನಿಂತಿತೆಂದರೆ ಎಲ್ಲರೂ ಬಾಗಿಲಿಗೆ ಬಂದು, ಯಾರ ಮನೆ ಎಂದು ನೋಡುತ್ತಾರೆ.

ಇದೆಲ್ಲ ಗೊತ್ತಿರುವ ನಮ್ಮ ಯಜಮಾನರು ಏನು ಮಾಡಬೇಕಿತ್ತು? ಇಂಟರ್‌ವ್ಯೂ ಇದೆ ಎಂದು ಹೇಳಬೇಕಿತ್ತು. ಆದರೆ ದೃಷ್ಟಿಯಾಗುತ್ತದೆ, ಯಾರಿಗೂ ಹೇಳಕೂಡದು ಎಂದು ತಂಗಿಯೇ ಆಣೆ ಹಾಕಿಸಿದ್ದಳು. ಇವರಿಗೋ ಸುಳ್ಳು ಹೇಳಲು ಬರುವುದಿಲ್ಲ, ಮುಖ ಬಾಡುತ್ತದೆ. ಬಾಡಿದ ಮುಖ ಹೊತ್ತು ಅಕ್ಕಪಕ್ಕದ ಮನೆಗಳಿಗೆ ಹೋಗಿ, ಒಂದು ಗಂಟೆ ಮಗ್ಗ ನಿಲ್ಲಿಸಿ, ಮನೆಯಲ್ಲಿ ಸ್ವಲ್ಪ ವಿಷಯ ಆಗಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಬಂದರು. ಅದರ ಹಿಂದಿನ ವಾರವಷ್ಟೇ ಅತ್ತೆಗೆ ಜ್ವರ ಬಂದಿತ್ತು. ಇನ್ನೇನು ಬೇಕು?

ಒಂದೊಂದೇ ಮಗ್ಗ ನಿಂತಿತು. ಒಳಗೆ ನಾದಿನಿ ಲ್ಯಾಪ್‌ಟಾಪಿನ ಮುಂದೆ ಕೂತಳು. ತೆರೆಯ ಮೇಲೆ ಮೂರು ಮುಖ ಮೂಡಿದವು. ಆಗ ನಾನು ಹಿಂದೆಂದೂ ಕಾಣದ್ದನ್ನು ಕಂಡೆ. ನಾದಿನಿಗೆ ಮಾತೇ ಹೊರಡಲಿಲ್ಲ! ಹುಟ್ಟಿದಾಗಿನಿಂದ ಸದ್ದಿನ ಮೇಲೆ ಮಾತಾಡಿದವಳಿಗೆ ಆ ಮೌನದಲ್ಲಿ ತನ್ನ ದನಿಯೇ ಬೇರೆಯವರದ್ದು ಅನಿಸಿರಬೇಕು. ಕೇಳಿದ್ದಕ್ಕೆ ಒಂದು ಮಾತು, ಅರ್ಧ ಮಾತು. ಕೊನೆಯ ಅವಕಾಶ ಹೀಗೆ ಕಣ್ಣೆದುರೇ ಸೋರಿಹೋಗುತ್ತಿದೆಯಲ್ಲ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತೆ.

ಹೊರಗೆ ಜಗುಲಿಯ ಮೇಲೆ, ಬಾಯಿ ಬಿಡಕೂಡದು ಎಂದು ಮಗಳಿಂದ ಕಟ್ಟಪ್ಪಣೆಯಾಗಿದ್ದ ಅತ್ತೆ, ಗೋಡೆಗೆ ಒರಗಿ ಕೂತು ಹಾಗೇ ನಿದ್ದೆ ಹೋಗಿದ್ದರು. ನಮ್ಮ ಕಡೆ ಹೋದವರನ್ನು ಹೀಗೇ ಗೋಡೆಗೆ ಒರಗಿಸಿ ಕೂರಿಸುವುದು ವಾಡಿಕೆ. ರತ್ನಮ್ಮ ಸೇವಂತಿಗೆ ಹಾರ ತಂದರು. ಅವರ ಹಿಂದೆ ಐದಾರು ಹೆಂಗಸರು ಮೂಗೊರೆಸಿಕೊಳ್ಳುತ್ತಾ ಬಂದರು. ಎಷ್ಟು ಬೇಗ ಕೂರಿಸಿಬಿಟ್ಟಿದ್ದಾರೆ, ಮುಖದಲ್ಲಿ ಇನ್ನೂ ಕಳೆಯಿದೆ ಎಂದು ಯಾರೋ ಅಂದದ್ದು ನನಗೆ ಒಳಗೇ ಕೇಳಿಸಿತು. ನಾನು ಓಡಿ ಬರುವಷ್ಟರಲ್ಲಿ ರತ್ನಮ್ಮ ಹಾರ ಹಾಕಿ ಕೈ ಮುಗಿದಾಗಿತ್ತು.

ಅತ್ತೆ ಕಣ್ಣು ಬಿಟ್ಟರು. ಹಾರ ಮುಟ್ಟಿ ನೋಡಿಕೊಂಡರು. "ಯಾಕಮ್ಮಾ ರತ್ನ, ನಾನೇನಾದ್ರೂ ಎಲೆಕ್ಷನ್ ಗೆದ್ನಾ?"

ರತ್ನಮ್ಮ ಕಿರುಚಿದ್ದು ಮಂಗೋಲಿಯಾಕ್ಕೆ ಲ್ಯಾಪ್‌ಟಾಪಿಲ್ಲದೆಯೂ ಮುಟ್ಟಿರಬೇಕು! ತೆರೆಯ ಮೇಲಿನ ಮೂರು ಮುಖಗಳೂ ಗಾಬರಿಯಾಗಿ, ಎಲ್ಲ ಕ್ಷೇಮವೇ ಎಂದು ಇಂಗ್ಲಿಷಿನಲ್ಲಿ ಕೇಳಿದವು. ನಾದಿನಿ ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಹೊರಗೆ ಬಂದಳು. ನೋಡಿದಳು. ತಾಯಿಯ ಕೊರಳಲ್ಲಿ ಹಾರ, ರತ್ನಮ್ಮನ ಮುಖಕ್ಕೆ ನೀರು ಚಿಮುಕಿಸುತ್ತಿದ್ದ ನಾನು, ಕಂಬದ ಹಿಂದೆ ಅಡಗಿದ್ದ ಅಣ್ಣ. ನಗು ಒತ್ತರಿಸಿಕೊಂಡು ಬಂತು ನೋಡಿ! ನಗುತ್ತಲೇ ಇಂಗ್ಲಿಷ್ ಹರಿಯಿತು. ಮಗ್ಗ ಎಂದರೇನು, ಬೀದಿ ಎಂದರೇನು, ಯಾರಾದರೂ ಹೋದರೆ ಮಗ್ಗವೇಕೆ ನಿಲ್ಲುತ್ತದೆ, ಅಣ್ಣನ ಮುಖ ಯಾಕೆ ಹಾಗಿದೆ, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದಳು. ತೆರೆಯ ಮೇಲಿದ್ದ ಹೆಂಗಸು ಅತ್ತೆಯನ್ನು ಗುರುತು ಹಿಡಿದು ಬ್ರಿಂಜಾಲ್ ಬ್ರಿಂಜಾಲ್ ಎಂದು ಕುಣಿದಾಡಿತು. ಅತ್ತೆ ಹಾರ ಸರಿಮಾಡಿಕೊಂಡು ನಮಸ್ಕಾರ ಮಾಡಿದರು. ಇಂಟರ್‌ವ್ಯೂ ಮುಗಿಸುವ ಮೊದಲು ಆ ಹೆಂಗಸು, ಆ ಮಗ್ಗದ ಸದ್ದು ಹೇಗಿರುತ್ತದೆ, ಒಮ್ಮೆ ಕೇಳಿಸಿ ಎಂದಿತು. ಯಜಮಾನರು ಸ್ವಿಚ್ಚು ಹಾಕಿದರು. ಆ ಸದ್ದಿನ ಮೇಲೆ ನಾದಿನಿ ಇನ್ನೂ ಅರ್ಧ ಗಂಟೆ ಮಾತಾಡಿದಳು.

ಇವತ್ತು ಶನಿವಾರ, ಬೆಳಗಿನ ಸ್ಕೂಲು. ಮಧ್ಯಾಹ್ನ ಬಸ್ಸಿಳಿದು ಬರುತ್ತಿರುವಾಗಲೇ ಅವಳ ಫೋನಿಗೆ ಸುದ್ದಿ ಬಂತು. ಬೀದಿಯ ತುದಿಯಿಂದಲೇ "ಅತ್ತಿಗೇ!" ಎಂದು ಕೂಗಿದಳು. ಹಿಂಡುತ್ತಿದ್ದ ಬೆಡ್‌ಶೀಟಿನ ಸಮೇತ ನನ್ನನ್ನು ತಬ್ಬಿಕೊಂಡಳು, ಇಬ್ಬರೂ ತೊಯ್ದೆವು. ಯಜಮಾನರು ಹೋಗಿ ಮೈಸೂರುಪಾಕು ತಂದರು, ಅರ್ಧವನ್ನು ದಾರಿಯಲ್ಲೇ ಹಂಚಿ ಬಂದರು. ರತ್ನಮ್ಮ ಹಾರ ತರಲಿಲ್ಲ. ಹಾರದ ಸಹವಾಸ ಸಾಕಾಗಿದೆ ಎಂದು ತೆಂಗಿನಕಾಯಿ ತಂದರು. ಅಲ್ಲಿಯ ಚಳಿಗೆ ಎಷ್ಟು ಸ್ವೆಟರ್ ಬೇಕು, ಗೊಜ್ಜವಲಕ್ಕಿ ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ, ಕುದುರೆ ಹಾಲು ಕುಡಿಯಲೇಬೇಕೋ ಎಂದು ಮನೆ ತುಂಬ ಮಾತು.

ಅತ್ತೆ ಮಾತ್ರ ಎದ್ದು ಹೊರಗೆ ಹೋದರು.

ವಿಡಿಯೋಗೆ ಆಟಕ್ಕೆಂದು ಕೂತಿದ್ದರಲ್ಲ, ಆಟ ನಿಜವಾಗಿಬಿಟ್ಟಿತ್ತು. ಮೈಸೂರುಪಾಕಿನ ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು, ತಿನ್ನದೆ, ಜಗುಲಿಯ ಮೇಲೆ ಕೂತುಬಿಟ್ಟರು. ನಾದಿನಿ ಬರುತ್ತೇನೆ ಎಂದೋ ಇಲ್ಲ ಎಂದೋ ನಾಳೆಯೊಳಗೆ ಉತ್ತರ ಬರೆಯಬೇಕು. ಅಮ್ಮ ಹೂಂ ಅಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ, ಒತ್ತಾಯ ಮಾಡಬೇಡಿ ಎಂದು ಅವಳು ನಮಗಿಬ್ಬರಿಗೂ ಹೇಳಿಟ್ಟಳು. ನಾನು ಎರಡು ಸಲ ಅತ್ತೆಯ ಹತ್ತಿರ ಹೋಗಿ, ಮಾತ್ರೆಯ ನೆಪದಲ್ಲಿ ನಿಂತು, ವಾಪಸ್ ಬಂದೆ. ಬಿಸಿಲು ಜಗುಲಿಯಿಂದ ಇಳಿಯಿತು. ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆವು, ನಾನೂ ನಾದಿನಿಯೂ. ಅತ್ತೆ ಒಳಗೆ ಬಂದು ಹೊಸ್ತಿಲಲ್ಲೇ ನಿಂತರು.

"ಅಲ್ಲಿ ರಾತ್ರಿ ಎಷ್ಟೊತ್ತಿಗೆ ಉಣ್ತೀಯ ನೀನು?"

ನಾದಿನಿ ಲೆಕ್ಕ ಹಾಕಿದಳು. ಸ್ಕೂಲಿನಿಂದ ಬಂದು, ಬಟ್ಟೆ ಒಗೆದು, ಅಡುಗೆ ಮಾಡಿಕೊಳ್ಳುವ ಹೊತ್ತಿಗೆ ಎಂಟೂವರೆ ಆಗಬಹುದು ಎಂದಳು.

"ಯಾರ ಜೊತೆ?"

ಎಲ್ಲಕ್ಕೂ ಉತ್ತರ ಇಟ್ಟುಕೊಂಡಿರುವವಳು ಸೊಪ್ಪಿನ ಒಂದೇ ಎಲೆಯನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದಳು. ಈ ಮನೆಯಲ್ಲಿ ಅವಳು ಒಂದು ದಿನವೂ ಒಬ್ಬಳೇ ಕೂತು ಉಂಡದ್ದನ್ನು ನಾನು ನೋಡಿಲ್ಲ. ಸ್ಕೂಲಿನಿಂದ ಎಷ್ಟು ಹೊತ್ತಾಗಿ ಬಂದರೂ ಅತ್ತೆ ಅವಳಿಗೆ ಕಾದಿದ್ದು, ಎದುರು ಕೂತೇ ಉಣ್ಣುತ್ತಾರೆ.

"ಅಲ್ಲಿ ಎಂಟೂವರೆ ಆದ್ರೆ ಇಲ್ಲಿ ಎಷ್ಟಾಗಿರುತ್ತೆ?" ಎಂದರು ಅತ್ತೆ.

"ಆರು, ಅಮ್ಮ."

ಅತ್ತೆ ಗೋಡೆ ಗಡಿಯಾರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಏಳಮ್ಮಾ, ಮುದ್ದೆಗೆ ಎಸರಿಡು. ಇವತ್ತಿಂದ ಆರಕ್ಕೇ ಉಣ್ಣೋಣ. ಈಗ್ಲಿಂದ್ಲೇ ಅಭ್ಯಾಸ ಆಗ್ಲಿ" ಎಂದರು.

ಮಗ್ಗದ ಕೋಣೆಯಿಂದ ಬಂದ ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. ಬಿಸಿಲಿರುವಾಗಲೇ ಯಾರಮ್ಮ ಉಣ್ಣುತ್ತಾರೆ ಎಂದರು.

"ಮಂಗೋಲಿಯಾದೋರು ಉಣ್ತಾರೆ. ಕೈ ತೊಳ್ಕೊಂಡು ಬಾ."

ನಾದಿನಿ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ನಾನು ಎಸರಿಟ್ಟೆ. ಆರು ಗಂಟೆಗೆ ನಾಲ್ವರೂ ಕೂತೆವು. ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ. ಯಾರಿಗೂ ಹಸಿವಿರಲಿಲ್ಲ, ಎಲ್ಲರೂ ಎರಡನೇ ಸಲ ಬಡಿಸಿಕೊಂಡರು. ಮೊದಲು ಮಲಗಿದ್ದು ಅತ್ತೆ, ಏಳೂವರೆಗೆಲ್ಲ. ಮಂಗೋಲಿಯಾದಲ್ಲಿ ಆಗ ಹತ್ತು.